‘ಮನಮುಟ್ಟಿತು’ ಎಂದರೆ ಲೋಕಿಯ ಕತೆಗೆ ಸಾಲದು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಕತೆ ಬಂದರೆ ಮರುವಾರ ವಾಚಕರ ಅಂಕಣದಲ್ಲಿ ಏನು ಬರುತ್ತದೆಂದು ಎಲ್ಲರಿಗೂ ಬಾಯಿಪಾಠ: ‘ಕತೆ ಮನಮುಟ್ಟಿತು, ಕತೆಗಾರರಿಗೆ ಅಭಿನಂದನೆ.’ ನಮ್ಮ ಕೊಪ್ಪಳ, ರಾಯಚೂರು ಕಡೆ ಇದೇ ಮಾತು ‘ಛಲೋ ಐತ್ರಿ, ಹಿಂಗ ಬರೀರಿ’ ಎಂದಾಗುತ್ತದೆ. ಬರಗಾಲದ ಕತೆ, ಸಂಸಾರದ ಕತೆಯಾದರೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಬರೆದವರಿಗೂ ಓದಿದವರಿಗೂ ಆ ಲೋಕ ಗೊತ್ತು. ಎಳ್ಳಮಾವಾಸ್ಯೆಯ ಚರಗವನ್ನು ಯುಗಾದಿಗೆ ಚೆಲ್ಲಿಸಿದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಈಗ ಕಾಲೇಜಿನ ಹುಡುಗ ಹುಡುಗಿಯರು ದೇವರಾಜ ಓಡಿನ್, ಅವನ ಮಗ ಥೋರ್, ಕಿಡಿಗೇಡಿ ಲೋಕಿ ಎಂದು ಉತ್ತರ ಯುರೋಪಿನ ನಾರ್ಸ್ ಪುರಾಣ ಹಿಡಿದು ಬರೆಯುತ್ತಿದ್ದಾರೆ. ಕರಡನ್ನು ಒಬ್ಬರಿಗೊಬ್ಬರು ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ಬರೆದವರು ನೋಡಿದ್ದು ಸಿನಿಮಾ, ಓದುವವರು ನೋಡಿದ್ದೂ ಅದೇ ಸಿನಿಮಾ. ಇಬ್ಬರೂ ತಲೆಯಾಡಿಸಿದರೆ ಕತೆ ಇದ್ದಲ್ಲೇ ಇರುತ್ತದೆ.

ಇಂಥ ಕರಡು ಓದುವವರು ಪೆನ್ಸಿಲ್ ಹಿಡಿದು ಮಾರ್ಜಿನ್ನಿನಲ್ಲಿ ಮೂರು ಗುರುತು ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಹಳೆಯ ಪಠ್ಯದಲ್ಲಿ ಇರುವುದಕ್ಕೆ ‘ಮೂ’, ಅಂದರೆ ಮೂಲ. ಕಾಮಿಕ್ಸ್, ಸಿನಿಮಾ, ವಿಡಿಯೊ ಗೇಮಿನಿಂದ ಬಂದದ್ದಕ್ಕೆ ‘ಸಿ’. ನಮ್ಮ ರಾಮಾಯಣ ಭಾರತಗಳಿಂದ ಸದ್ದಿಲ್ಲದೆ ನುಸುಳಿದ್ದಕ್ಕೆ ‘ನ’. ಇವು ಬರೀ ಗುರುತು, ತಪ್ಪಿನ ಪಟ್ಟಿಯಲ್ಲ. ‘ನ’ ಬಿದ್ದ ಸಾಲು ಬೇಕೆಂದೇ ಬರೆದದ್ದಾಗಿದ್ದರೆ ಇರಲಿ. ತನಗೆ ತಿಳಿಯದೆ ಹಾಗೆ ಬರೆದಿದ್ದರೆ ಬರೆದವರಿಗೆ ಅದು ಗೊತ್ತಾಗಬೇಕು, ಅಷ್ಟೆ.

ಮೂಲ ಎಂದರೆ ಯಾವುದು? ಮುಖ್ಯವಾಗಿ 13ನೇ ಶತಮಾನದ ಐಸ್‌ಲ್ಯಾಂಡಿನ ಎರಡು ಗ್ರಂಥಗಳು. ಒಂದು, ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಗದ್ಯದಲ್ಲಿ ಬರೆದ ಎಡ್ಡಾ. ಇನ್ನೊಂದು ಹಳೆಯ ಪದ್ಯಗಳ ಸಂಗ್ರಹ, ಇದಕ್ಕೂ ಎಡ್ಡಾ ಎಂದೇ ಹೆಸರು. ಅದರ ಮುಖ್ಯ ಹಸ್ತಪ್ರತಿ 1270ರ ಸುಮಾರಿನದು. ಶತಮಾನಗಳ ಕಾಲ ಡೆನ್ಮಾರ್ಕಿನಲ್ಲಿದ್ದು 1971ರಲ್ಲಿ ಐಸ್‌ಲ್ಯಾಂಡಿಗೆ ಮರಳಿತು. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮ ಒಪ್ಪಿದ್ದು 1000ದ ಆಸುಪಾಸಿನಲ್ಲಿ. ಹಳೆಯ ದೇವರುಗಳ ಪೂಜೆ ನಿಂತು 200 ವರ್ಷದ ಮೇಲೆ ಕ್ರೈಸ್ತರು ಬರೆದಿಟ್ಟ ಕತೆಗಳಿವು. ಹಾಗಾಗಿ ‘ಮೂಲದಲ್ಲಿ ಹೀಗಿದೆ’ ಎಂದು ಹೇಳುವಾಗ ಮೇಷ್ಟ್ರ ದನಿ ಬೇಡ. ‘ಒಂಬತ್ತು ಲೋಕ’ ಎಂಬ ಮಾತು ಪದ್ಯಗಳಲ್ಲಿದೆ, ಒಂಬತ್ತರ ಪೂರ್ತಿ ಪಟ್ಟಿ ಎಲ್ಲೂ ಇಲ್ಲ. ಈಗ ಸಿಗುವ ಪಟ್ಟಿಗಳು ಮುಂದಿನವರು ಕೂಡಿಸಿದ್ದು.

‘ಸಿ’ ಗುರುತಿನ ಸಾಲುಗಳನ್ನು ಹಿಡಿಯುವುದು ಸುಲಭ. ಲೋಕಿ ಓಡಿನ್ನನ ಸಾಕುಮಗ ಎಂದಿದ್ದರೆ ಸಿ. ಹಳೆಯ ಪದ್ಯದಲ್ಲಿ ಅವನು ಓಡಿನ್ ಜೊತೆ ರಕ್ತ ಬೆರೆಸಿಕೊಂಡವನು, ಅಣ್ಣತಮ್ಮಂದಿರ ಸಮ. ಹುಟ್ಟಿದ್ದು ದೈತ್ಯ ಫಾರ್ಬೌಟಿಗೆ. ಮೃತ್ಯುಲೋಕದ ಹೆಲ್ ಓಡಿನ್ನನ ಮಗಳಲ್ಲ, ಲೋಕಿಯ ಮಗಳು. ಥೋರ್‌ನ ಗಡ್ಡ ಕೆಂಪು. ಯೋಗ್ಯತೆ ಇಲ್ಲದವರು ಅವನ ಸುತ್ತಿಗೆ ಎತ್ತಲಾರರು ಎಂಬುದು ಕಾಮಿಕ್ಸ್ ಬರೆದವರ ಕಟ್ಟು. ಹಳೆಯ ಪದ್ಯದಲ್ಲಿ ಥ್ರಿಮ್ ಎಂಬ ದೈತ್ಯ ಆ ಸುತ್ತಿಗೆಯನ್ನು ಸಲೀಸಾಗಿ ಕದ್ದು ನೆಲದಡಿ ಎಂಟು ಹರದಾರಿ ಆಳದಲ್ಲಿ ಹೂತಿಡುತ್ತಾನೆ. ಹಳೆಯ ಕಾಲದ ಕಡಲಯಾನಿಗಳಾದ ವೈಕಿಂಗರ ತಲೆಯ ಕೊಂಬಿನ ಶಿರಸ್ತ್ರಾಣ 1876ರಲ್ಲಿ ಜರ್ಮನಿಯ ಒಪೆರಾ ವೇದಿಕೆಗೆ ಹೊಲಿಸಿದ ಉಡುಪಿನಿಂದ ಜನಪ್ರಿಯವಾದದ್ದು. ಅದು ಕಂಡರೆ ಕಣ್ಣುಮುಚ್ಚಿ ಸಿ ಹಾಕಬಹುದು.

ಕಷ್ಟ ಇರುವುದು ‘ನ’ ಗುರುತಿನಲ್ಲಿ. ನಮ್ಮ ಭಾಷೆಯಲ್ಲೇ ದೇವರು, ರಾಕ್ಷಸ, ವರ, ಶಾಪ, ಪ್ರಳಯ ಎಂಬ ಸಿದ್ಧ ಪಾತ್ರೆಗಳಿವೆ. ಏನನ್ನು ಸುರಿದರೂ ಅದೇ ಆಕಾರ ಬರುತ್ತದೆ. ಓಡಿನ್ ಮರಕ್ಕೆ ನೇತುಬಿದ್ದ ಪ್ರಸಂಗ ತೆಗೆದುಕೊಳ್ಳಿ. ಗಾಳಿ ಹೊಡೆಯುವ ಮರದಲ್ಲಿ ಒಂಬತ್ತು ರಾತ್ರಿ, ಈಟಿಯಿಂದ ಗಾಯಗೊಂಡು, ತನ್ನನ್ನು ತನಗೇ ಬಲಿ ಕೊಟ್ಟುಕೊಂಡು ನೇತಾಡುತ್ತಾನೆ. ಯಾರೂ ರೊಟ್ಟಿ ಕೊಡಲಿಲ್ಲ, ಕುಡಿಯಲು ಕೊಂಬಿನ ಪಾತ್ರೆ ನೀಡಲಿಲ್ಲ. ಕೆಳಗೆ ಇಣುಕಿ ನೋಡಿ, ಕಿರುಚುತ್ತಾ ರೂನ್ ಎಂಬ ಹಳೆಯ ಲಿಪಿಯ ಅಕ್ಷರಗಳನ್ನು ಬಾಚಿಕೊಂಡು ಕೆಳಗೆ ಬೀಳುತ್ತಾನೆ. ಕನ್ನಡದ ಕರಡುಗಳಲ್ಲಿ ಇದು ತಪಸ್ಸಾಗುತ್ತದೆ. ಒಂಬತ್ತನೇ ದಿನ ಬೆಳಕು ಮೂಡಿ ಯಾರೋ ಪ್ರತ್ಯಕ್ಷರಾಗಿ ‘ಮೆಚ್ಚಿದೆ’ ಎನ್ನುತ್ತಾರೆ. ಮೂಲದಲ್ಲಿ ಮೆಚ್ಚಲು ಮೇಲೆ ಯಾರೂ ಇಲ್ಲ. ಆ ಪ್ರಸಂಗದ ಚಳಿ ಇರುವುದೇ ಅಲ್ಲಿ. ‘ಪ್ರತ್ಯಕ್ಷ’, ‘ಅನುಗ್ರಹ’, ‘ಕರ್ಮಫಲ’ ಎಂಬ ಶಬ್ದ ಕಂಡಲ್ಲೆಲ್ಲ ಪೆನ್ಸಿಲ್ ನಿಲ್ಲಲಿ.

ಲೋಕಿಯನ್ನು ಅಸುರ ಮಾಡುವುದು ಎರಡನೆಯ ದೊಡ್ಡ ಜಾರು. ದೇವತೆಗಳ ಊರಿಗೆ ಗೋಡೆ ಕಟ್ಟಲು ಬಂದ ಕಲ್ಲುಕೆಲಸದವನು ಒಂದೇ ಚಳಿಗಾಲದಲ್ಲಿ ಮುಗಿಸುತ್ತೇನೆಂದು ಪಂದ್ಯ ಕಟ್ಟುತ್ತಾನೆ. ಕೇಳಿದ ಕೂಲಿ ಸೂರ್ಯ, ಚಂದ್ರ ಮತ್ತು ಫ್ರೇಯಾ ದೇವಿ. ಗಡುವಿಗೆ ಮೂರು ದಿನ ಇರುವಾಗ ಗೋಡೆ ಮುಗಿಯುತ್ತ ಬಂದಿರುತ್ತದೆ. ಆಗ ಲೋಕಿ ಹೆಣ್ಣುಕುದುರೆಯಾಗಿ ಅವನ ಗಂಡುಕುದುರೆಯನ್ನು ಕಾಡಿಗೆ ಸೆಳೆದೊಯ್ದು ಕೆಲಸ ಕೆಡಿಸುತ್ತಾನೆ. ಎಂಟು ಕಾಲಿನ ಸ್ಲೇಪ್ನಿರ್ ಹುಟ್ಟುವುದು ಹೀಗೆ, ಲೋಕಿಯ ಹೊಟ್ಟೆಯಲ್ಲಿ. ಮೋಹಿನಿಯ ಕತೆ ಕೇಳಿ ಬೆಳೆದ ನಮ್ಮ ಓದುಗರಿಗೆ ಇದರಲ್ಲಿ ಗಾಬರಿ ಬೀಳುವಂಥದ್ದೇನಿಲ್ಲ. ಆ ಅನುಕೂಲವನ್ನು ಕತೆಗಾರರು ಬಳಸಿಕೊಳ್ಳುವುದಿಲ್ಲ ಎಂಬುದೇ ಬೇಸರ. ಪಂದ್ಯಕ್ಕೆ ಸಲಹೆ ಕೊಟ್ಟು ಊರಿಗೆ ಅಪಾಯ ತಂದವನೂ ಅವನೇ, ಉಳಿಸಿದವನೂ ಅವನೇ, ಕೊನೆಗೆ ಓಡಿನ್ನನ ಮಗ ಬಾಲ್ಡರ್‌ನನ್ನು ಕೊಲ್ಲಿಸಿದವನೂ ಅವನೇ. ಕರಡಿನಲ್ಲಿ ಲೋಕಿ ಮೊದಲ ಪುಟದಿಂದಲೇ ಹಲ್ಲು ಕಡಿಯುತ್ತಿದ್ದರೆ ಆ ಮೂರನ್ನೂ ಒಬ್ಬನೇ ಹೇಗೆ ಮಾಡಿದ ಎಂದು ಕೇಳಬೇಕು.

ವೀರಗಲ್ಲಿನ ಹೋಲಿಕೆಯೂ ಹೀಗೆಯೇ ಕೈಕೊಡುತ್ತದೆ. ನಮ್ಮ ಕಡೆಯ ಹಳ್ಳಿ ಹಳ್ಳಿಯಲ್ಲಿ ಇರುವ ಕಲ್ಲು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ಚಿತ್ರಕಲ್ಲುಗಳಲ್ಲಿ ಎಂಟು ಕಾಲಿನ ಕುದುರೆ ಏರಿ ಬಂದವನಿಗೆ ಹೆಣ್ಣೊಬ್ಬಳು ಕೊಂಬಿನ ಪಾತ್ರೆ ನೀಡಿ ಬರಮಾಡಿಕೊಳ್ಳುತ್ತಾಳೆ. ಸತ್ತ ವೀರರನ್ನು ಆರಿಸಿ ಒಯ್ಯುವ ವಾಲ್ಕಿರಿಗಳನ್ನು ಅಪ್ಸರೆಯರೆಂದು ಬರೆಯಲು ಯಾರಿಗಾದರೂ ಆಸೆಯಾಗುತ್ತದೆ, ಬರೆಯಲಿ. ಆದರೆ ಓಡಿನ್ನನ ಮನೆ ವಾಲ್ಹಲ್ಲಾ ಕೈಲಾಸವಲ್ಲ. ಯುದ್ಧದಲ್ಲಿ ಸತ್ತವರಲ್ಲಿ ಅರ್ಧ ಜನ ಫ್ರೇಯಾಳ ಪಾಲು. ಉಳಿದರ್ಧ ಓಡಿನ್ನನ ಮನೆಯಲ್ಲಿ ಹಗಲೆಲ್ಲ ಬಡಿದಾಡಿ, ಸಂಜೆಗೆ ಎದ್ದು ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಅದು ಮುಕ್ತಿಯಲ್ಲ, ತಾಲೀಮು. ಓಡಿನ್ ಅವರನ್ನು ಕೂಡಿಸುತ್ತಿರುವುದು ಕೊನೆಯ ಕಾಳಗಕ್ಕೆ, ಅದರಲ್ಲಿ ಅವನನ್ನು ಫೆನ್ರಿರ್ ತೋಳ ನುಂಗುತ್ತದೆ. ಥೋರ್ ಕಡಲಿನ ಹಾವನ್ನು ಕೊಂದು ಒಂಬತ್ತು ಹೆಜ್ಜೆ ನಡೆದು ಬೀಳುತ್ತಾನೆ. ಆ ದೇವರುಗಳಿಗೆ ಇದೆಲ್ಲ ಮೊದಲೇ ಗೊತ್ತು. ಸೋಲು ಗೊತ್ತಿದ್ದೂ ಸಿದ್ಧತೆ ನಡೆಸುವವರ ಮಾತಿನ ಧಾಟಿ, ಗೆದ್ದೇ ಗೆಲ್ಲುವ ದೇವೇಂದ್ರನ ಧಾಟಿ ಒಂದೇ ಆಗದು. ಕರಡಿನ ಸಂಭಾಷಣೆಯನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡೇ ಒಮ್ಮೆ ಓದಬೇಕು.

ರಾಗ್ನರೋಕ್ ಎಂಬ ಆ ಕೊನೆಯ ಕಾಳಗವನ್ನು ಪ್ರಳಯ ಎನ್ನುವಾಗಲೂ ಇದೇ ತೊಡಕು. ನಮ್ಮಲ್ಲಿ ಯುಗ ತಿರುಗುತ್ತಲೇ ಇರುತ್ತದೆ. ಅಲ್ಲಿ ನಡುವೆ ಬೇಸಿಗೆಯೇ ಇಲ್ಲದ ಮೂರು ಚಳಿಗಾಲ ಬಂದು, ಲೋಕ ಸುಟ್ಟು, ಮುಳುಗಿ, ಮತ್ತೆ ಹಸಿರಾಗಿ ಮೇಲೇಳುತ್ತದೆ. ದೇವರುಗಳ ಚದುರಂಗದಂಥ ಆಟದ ಚಿನ್ನದ ಕಾಯಿಗಳು ಹುಲ್ಲಿನಲ್ಲಿ ಸಿಗುತ್ತವೆ. ಕನ್ನಡದ ಹೆಚ್ಚಿನ ಕರಡುಗಳು ಬೆಂಕಿಯಲ್ಲೇ ಮುಗಿಯುತ್ತವೆ. ಆ ಕಾಯಿಗಳು ಯಾರಿಗೂ ಬೇಡವಾಗಿವೆ.

ಹೋಲಿಕೆ ಒಳ್ಳೆಯದಕ್ಕೂ ಆಗುತ್ತದೆ. ಸುತ್ತಿಗೆ ಮರಳಿ ಪಡೆಯಲು ಥೋರ್ ಮದುವಣಗಿತ್ತಿಯ ಉಡುಗೆ ತೊಟ್ಟು ಥ್ರಿಮ್‌ನ ಮನೆಗೆ ಹೋಗಿ, ಒಂದು ಎತ್ತು, ಎಂಟು ಸಾಲ್ಮನ್ ಮೀನು ತಿಂದು, ಮೂರು ಪೀಪಾಯಿ ಜೇನುಮದ್ಯ ಕುಡಿಯುತ್ತಾನೆ. ಇದನ್ನು ಓದುವಾಗ ಸೀರೆ ಉಟ್ಟು ಕೀಚಕನಿಗಾಗಿ ಕಾದ ಭೀಮ ನೆನಪಾಗದೆ ಇರುತ್ತಾನೆಯೇ? ದೊಡ್ಡಾಟ ನೋಡಿದವರಿಗೆ ಆ ನಗೆಯ ಲಯ ರಕ್ತದಲ್ಲಿದೆ. ಆದರೆ ಥೋರ್‌ಗೆ ಆ ಉಡುಗೆಯ ಭಯವಿದೆ: ಉಳಿದ ದೇವರುಗಳು ತನ್ನನ್ನು ಗಂಡಸಲ್ಲ ಎಂದಾರು ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಆ ಸಮಾಜದಲ್ಲಿ ಅದು ಬರೀ ಅಣಕವಲ್ಲ, ಪ್ರಾಣಕ್ಕೆ ಎರವಾಗಬಲ್ಲ ಬೈಗುಳ. ಭೀಮನ ನಗೆ ತರುವವರು ಥೋರ್‌ನ ಈ ಅಳುಕನ್ನೂ ಉಳಿಸಿಕೊಂಡರೆ ದೃಶ್ಯಕ್ಕೆ ತೂಕ ಬರುತ್ತದೆ.

ಇನ್ನು ಕೆಲವರು ಕತೆಯನ್ನೇ ತುಂಗಭದ್ರೆಯ ದಂಡೆಗೆ ತರುತ್ತಾರೆ. ಇದು ಬಹಳ ಒಳ್ಳೆಯ ದಾರಿ, ಇಲ್ಲಿಯ ಬಂಡೆಗಳು ಅದಕ್ಕೆಂದೇ ಕಾದಿವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬಳಿಯ ಮೋರೇರ ಗುಡ್ಡದಲ್ಲಿ ಚಪ್ಪಡಿಗಳ ಬೃಹತ್ ಶಿಲಾಗೋರಿಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿ. ಅಲ್ಲಿ ಕುಳ್ಳ ಜನ ವಾಸವಿದ್ದರು ಎಂಬ ನಂಬಿಕೆ ಹಿಡಿದು ನಾರ್ಸ್ ಪುರಾಣದ, ಇಂಗ್ಲಿಷಿನಲ್ಲಿ ಡ್ವಾರ್ಫ್ ಎನ್ನುವ, ದ್ವೆರ್ಗರ್‌ಗಳನ್ನು ಅಲ್ಲಿ ಕೂರಿಸುವವರಿಗೆ ಒಂದು ಮಾತು: ಹಳೆಯ ಪಠ್ಯಗಳಲ್ಲಿ ಹೆಚ್ಚಿನ ಕಡೆ ದ್ವೆರ್ಗರ್‌ಗಳ ಎತ್ತರದ ಪ್ರಸ್ತಾಪವೇ ಇಲ್ಲ. ಅವರು ಕಲ್ಲಿನೊಳಗೆ ಇರುವ ಕಮ್ಮಾರರು, ಅಷ್ಟು ಖಚಿತ. ಥೋರ್‌ನ ಮಗಳನ್ನು ಕೇಳಲು ಬಂದ ಆಲ್ವಿಸ್ ಎಂಬ ದ್ವೆರ್ಗ್‌ನನ್ನು ಥೋರ್ ಇಡೀ ರಾತ್ರಿ ಪ್ರಶ್ನೆ ಕೇಳಿ ಕೂರಿಸಿ, ಅವರಿಗೆ ಆಗದ ಬೆಳಗಿನ ಬಿಸಿಲಿಗೆ ಸಿಕ್ಕಿಸುತ್ತಾನೆ. ಎತ್ತರದ ಹೋಲಿಕೆ ಬಿಟ್ಟು ಕಲ್ಲು, ಕುಲುಮೆ, ಸೂರ್ಯೋದಯ ಹಿಡಿದರೆ ಆ ಗುಡ್ಡ ಕತೆಗೆ ತಾನಾಗಿಯೇ ಒದಗುತ್ತದೆ.

ಹವೆಯ ವಿಷಯದಲ್ಲಿ ರಾಯಚೂರಿನ ಬಿಸಿಲು ನಮ್ಮನ್ನು ಎಡವಿಸುತ್ತದೆ. ‘ಹತ್ತಿಯಂತೆ ಹಿಮ ಸುರಿಯುತ್ತಿತ್ತು’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋದರೆ ಚಳಿ ಕತೆಯೊಳಗೆ ಬರುವುದಿಲ್ಲ. ಉಸಿರು ಮೀಸೆಯ ಮೇಲೆ ಹೆಪ್ಪುಗಟ್ಟುತ್ತದೆ, ಬರಿಗೈಗೆ ಕಬ್ಬಿಣ ಅಂಟುತ್ತದೆ, ಗಟ್ಟಿ ಚಳಿಯಲ್ಲಿ ಕಾಲಡಿಯ ಹಿಮ ಕಿರ್ ಎನ್ನುತ್ತದೆ. ತೊಯ್ದ ಉಣ್ಣೆ ಭಾರವಾದರೂ ಬೆಚ್ಚಗಿರುತ್ತದೆ. ನಮ್ಮ ಕುರಿಗಾಹಿಯ ತೊಯ್ದ ಕಂಬಳಿಯ ವಾಸನೆ ಗೊತ್ತಿದ್ದವರು ಇದನ್ನು ಯಾರಿಗೂ ಕಡಿಮೆಯಿಲ್ಲದಂತೆ ಬರೆಯಬಲ್ಲರು, ಆದರೆ ಬರೆಯುವುದಿಲ್ಲ. ಬೆಳಕನ್ನೂ ಪರೀಕ್ಷಿಸಿ. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದಿಲ್ಲ, ಜೂನ್‌ನಲ್ಲಿ ಮುಳುಗುವುದಿಲ್ಲ. ಅಲ್ಲಿ ಜೂನ್ ತಿಂಗಳ ಕತೆಯಲ್ಲಿ ಕಗ್ಗತ್ತಲೆಯ ಕಳ್ಳತನವೂ ಇಲ್ಲ, ಆಕಾಶದಲ್ಲಿ ಹಸಿರು ಧ್ರುವಪ್ರಭೆಯೂ ಇಲ್ಲ. ಅದು ಕಾಣಲು ಕತ್ತಲೆ ಬೇಕು. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಡಿಸೆಂಬರಿನಲ್ಲೂ ನಾಲ್ಕು ಗಂಟೆಯಷ್ಟು ಹಗಲಿದೆ. ವೈಕಿಂಗರ ತಟ್ಟೆಯಲ್ಲಿ ಆಲೂಗಡ್ಡೆ ಕಂಡರೆ ಗೆರೆ ಎಳೆಯಿರಿ, ಅಮೆರಿಕದ ಆ ಬೆಳೆ ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ. (ಕುಮ್ಮಟದುರ್ಗದ ಕುಮಾರರಾಮನಿಗೆ ಮೆಣಸಿನಕಾಯಿ ಚಟ್ನಿ ತಿನ್ನಿಸುವವರಿಗೂ ಇದೇ ಗೆರೆ.)

ಇನ್ನೊಂದು ಗೊಂದಲ. ನಾರ್ಡಿಕ್ ಎಂದರೆ ಐದು ದೇಶ. ಓಡಿನ್ ಥೋರ್‌ರ ನಾರ್ಸ್ ಪುರಾಣ ಅದರಲ್ಲಿ ಒಂದು ಪಾಲು. ಫಿನ್‌ಲ್ಯಾಂಡಿನ ಕಾಲೆವಾಲಾ ಮಹಾಕಾವ್ಯ ಬೇರೆಯೇ ಲೋಕ, ಎಲಿಯಾಸ್ ಲ್ಯೋನ್ರೋಟ್ ಜನಪದರ ಬಾಯಿಂದ ಕೂಡಿಸಿ 1835ರಲ್ಲಿ ಪ್ರಕಟಿಸಿ, 1849ರಲ್ಲಿ 50 ಹಾಡುಗಳಿಗೆ ಹಿಗ್ಗಿಸಿದ್ದು. ಫಿನ್ನಿಶ್ ಮತ್ತು ಸ್ವೀಡಿಶ್ ಕನ್ನಡ, ಮರಾಠಿಗಳಂತೆ ನೆರೆಯ ಭಾಷೆಗಳು, ಕುಲ ಬೇರೆ. ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ಇನ್ನೂ ಬದುಕಿರುವ ಸಮುದಾಯ, ಅವರನ್ನು ‘ಕಾಡಿನ ಮಾಟಗಾರರು’ ಮಾಡಿದ್ದರೆ ಕರಡಿನಲ್ಲೇ ತಡೆಯಿರಿ. ರೂನ್ ಅಕ್ಷರಗಳನ್ನು ಅಲಂಕಾರಕ್ಕೆ ಬಳಸುವವರೂ ಎಚ್ಚರ: ಅವುಗಳಲ್ಲಿ ಕೆಲವನ್ನು ನಾಜಿಗಳು ಲಾಂಛನ ಮಾಡಿಕೊಂಡಿದ್ದರು. ವೈಕಿಂಗ್ ಕಾಲದ ರೂನ್ ಮಾಲೆಯಲ್ಲಿ ಇದ್ದದ್ದು 16 ಅಕ್ಷರ. 24 ಅಕ್ಷರದ್ದು ಅದಕ್ಕೂ ಹಿಂದಿನದು.

ಈಗ ಕೊಡು-ಕೊಳ್ಳುವ ಕ್ರಮ. ಒಂದು ಸಲಕ್ಕೆ 3000 ಪದ ಮೀರದಿರಲಿ. ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಫೈಲನ್ನು ಹಾಗೇ ಕಳಿಸಿದರೆ ಎದುರಿನವರ ಮೊಬೈಲಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿ. ಯೂನಿಕೋಡಿಗೆ ಬದಲಿಸಿ, ಇಲ್ಲವೆ ಸಾಲಿನ ನಡುವೆ ದುಪ್ಪಟ್ಟು ಜಾಗ, ಎಡಕ್ಕೆ ಎರಡು ಇಂಚು ಮಾರ್ಜಿನ್ ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಕರಡಿನ ಜೊತೆ ಬರೆದವರು ಅರ್ಧ ಪುಟದ ಚೀಟಿ ಇಡಬೇಕು: ಯಾವ ಪ್ರಸಂಗ ಆಧಾರ, ಬೇಕೆಂದೇ ಬದಲಿಸಿದ್ದು ಯಾವುದು, ಓದುವವರು ಮುಖ್ಯವಾಗಿ ಏನು ನೋಡಬೇಕು. ಈ ಚೀಟಿ ಇಲ್ಲದಿದ್ದರೆ ಓದುವವರ ಶ್ರಮವೆಲ್ಲ ‘ಅದು ನನಗೆ ಗೊತ್ತಿತ್ತು, ಬೇಕಂತಲೇ ಹಾಗೆ ಮಾಡಿದ್ದು’ ಎಂಬ ಒಂದು ಮಾತಿಗೆ ಮಣ್ಣುಪಾಲು.

ಓದುವವರು ಚೀಟಿಯನ್ನು ಮೊದಲು ತೆರೆಯಬಾರದು. ಮೊದಲ ಓದು ಕೈಯಲ್ಲಿ ಏನೂ ಇಲ್ಲದೆ, ಒಂದೇ ಕೂತಿಗೆ. ಮುಗಿದ ತಕ್ಷಣ ಕತೆ ತನಗೆ ಅರ್ಥವಾದಂತೆ ಐದು ಸಾಲು ಬರೆಯಬೇಕು. ಈ ಐದು ಸಾಲೇ ಬರೆದವರಿಗೆ ಸಿಗುವ ಅತಿ ಬೆಲೆಯ ವಸ್ತು ಎಂದು ನಮ್ಮ ಎಣಿಕೆ, ಉಳಿದದ್ದೆಲ್ಲ ಆಮೇಲೆ. ಆನಂತರ ಚೀಟಿ ತೆರೆದು, ಪೆನ್ಸಿಲ್ ಹಿಡಿದು ಎರಡನೇ ಓದು. ಮೂರನೆಯದು ಬಾಯಿಬಿಟ್ಟು: ಎಡ್ಡಾ ಪದ್ಯಗಳು ಕಿವಿಗೆಂದು ಹುಟ್ಟಿದವು, ದರೋಜಿ ಈರಮ್ಮನವರ ಬುರ್ರಕಥೆಯ ಹಾಗೆ. ನಾಲಿಗೆ ತಡವರಿಸಿದಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು. ಹತ್ತು ದಿನ ಗಡುವು. ತಿಂಗಳು ಬಿಟ್ಟರೆ ಬರೆದವರು ಅಷ್ಟರಲ್ಲಿ ಬೇರೆ ಕರಡು ಮಾಡಿರುತ್ತಾರೆ.

ಬರೆಯುವ ಮಾತು ಜಾಗ ಹಿಡಿದು ತೋರಿಸಬೇಕು. ‘ಲೋಕಿಯ ಪಾತ್ರ ಗಟ್ಟಿಯಾಗಿಲ್ಲ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ‘ಪುಟ 6, ಎರಡನೇ ಪ್ಯಾರಾ: ಇಲ್ಲಿ ಲೋಕಿ ಸಿಂಹಾಸನಕ್ಕೆ ಸಂಚು ಹೂಡುತ್ತಾನೆ. ಪುಟ 2ರಲ್ಲಿ ಗೋಡೆಯ ಪಂದ್ಯದಿಂದ ಊರು ಉಳಿಸಿದವನೂ ಇವನೇ. ನಡುವೆ ಮನಸ್ಸು ಮುರಿದದ್ದು ಎಲ್ಲಿ? ಸಿಂಹಾಸನದ ಆಸೆ ಸಿ ಇರಬಹುದೇ?’ ಎಂದು ಬರೆದರೆ ತಿದ್ದಲು ದಾರಿಯಿದೆ. ಇಂಥವು ಏಳೆಂಟಕ್ಕಿಂತ ಹೆಚ್ಚು ಬೇಡ. ನಲವತ್ತು ಬರೆದರೆ ಬರೆದವರು ಸುಲಭವಾದ ಮೂವತ್ತನ್ನು ತಿದ್ದಿ, ಕಷ್ಟದ ಹತ್ತನ್ನು ಬಿಡುತ್ತಾರೆ. ಐಸ್‌ಲ್ಯಾಂಡಿನ ಸಾಗಾ ಎಂಬ ಹಳೆಯ ಗದ್ಯಕತೆಗಳ ಧಾಟಿ ಬೇಕೆಂದವರ ಕರಡಿನಲ್ಲಿ ‘ದುಃಖ’, ‘ನೋವು’, ‘ಕಣ್ಣೀರು’ ಎಂಬ ಶಬ್ದಗಳಿಗೆಲ್ಲ ಗೆರೆ ಎಳೆದು ಎಣಿಸಿ ಕೊಡಿ. ಸಾಗಾದಲ್ಲಿ ಮುಖ ಕೆಂಪಾಗುತ್ತದೆ, ಬಿಳುಪಾಗುತ್ತದೆ, ಮನುಷ್ಯ ಎದ್ದು ಹೊರಗೆ ಹೋಗುತ್ತಾನೆ. ಮನಸ್ಸಿನೊಳಗಿನದನ್ನು ಕತೆಗಾರ ಬಿಡಿಸಿ ಹೇಳುವುದು ಅಪರೂಪ. ಹಡಗಿಗೆ ‘ಅಲೆಯ ಕುದುರೆ’, ರಕ್ತಕ್ಕೆ ‘ಗಾಯದ ಕಡಲು’ ಎನ್ನುವ ಒಗಟಿನಂಥ ಜೋಡುಮಾತುಗಳು ಚೆಂದ, ಪುಟಕ್ಕೆ ಒಂದು ಸಾಕು. ‘ತರಂಗಾಶ್ವ’ ಎಂದರೆ ಒಗಟೂ ಹೋಯಿತು, ಕುದುರೆಯೂ ಹೋಯಿತು.

ಹೆಸರುಗಳಿಗೆ ಒಂದು ಪಟ್ಟಿ ಕರಡಿನ ಕೊನೆಗೆ ಇರಲಿ. ಓಡಿನ್ ಹೆಸರಿನ ನಡುವಿನ ಅಕ್ಷರದ ಹಳೆಯ ಉಚ್ಚಾರ ನಮ್ಮ ‘ದ’ಕ್ಕೆ ಹತ್ತಿರ, ಆದರೆ ‘ಓದಿನ್’ ಎಂದು ಬರೆದರೆ ಕನ್ನಡದಲ್ಲಿ ‘ಓದಿನ ಕೋಣೆ’ ನೆನಪಾಗುತ್ತದೆ, ಹಾಗಾಗಿ ‘ಓಡಿನ್’ ಸಹ್ಯ. ಯಾವುದೇ ಆಗಲಿ, ಮೊದಲ ಪುಟದಲ್ಲಿ ‘ಥಾರ್’, ಐದರಲ್ಲಿ ‘ಥೋರ್’, ಕೊನೆಗೆ ‘ತೋರ’ ಆಗಬಾರದು. ವಿಭಕ್ತಿಯೂ ಅಷ್ಟೆ: ‘ಥೋರ್‌ನ’ ಎಂದಿದ್ದರೆ ಕೊನೆವರೆಗೂ ಅದೇ.

ಎದುರು ಕೂತು ಮಾತಾಡುವಾಗ ಮೊದಲ ಹತ್ತು ನಿಮಿಷ ಬರೆದವರು ಬಾಯಿ ತೆರೆಯದಿರಲಿ, ಸಮರ್ಥನೆ ಶುರುವಾದರೆ ಓದಿದವರು ಸುಮ್ಮನಾಗುತ್ತಾರೆ. ನಮ್ಮಲ್ಲಿ ಇನ್ನೂ ದೊಡ್ಡ ಅಡ್ಡಿ ವಯಸ್ಸು ಮತ್ತು ಹುದ್ದೆ. ಕಾಲೇಜಿನ ಸರ್ ಬರೆದ ಕತೆಗೆ ಹುಡುಗಿ ‘ಇದು ಸಿನಿಮಾದ್ದು ಸರ್’ ಎನ್ನಲಾರಳು. ‘ಅಣ್ಣಾರ, ಛಲೋ ಐತ್ರಿ’ ಅಂತಲೇ ಬರುತ್ತದೆ. ನಾಲ್ಕೈದು ಜನ ಸೇರಿದರೆ ಹೆಸರು ತೆಗೆದ ಪ್ರತಿಗಳನ್ನು ಒಬ್ಬರ ಕೈಯಿಂದ ಹಂಚಿಸಿ, ಐದು ಸಾಲು ಮತ್ತು ಗುರುತುಗಳನ್ನು ಹೆಸರಿಲ್ಲದೆಯೇ ಹಿಂದಿರುಗಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಓದಿದವರು ಮಾಡಬಾರದ್ದು ಒಂದೇ: ತಾವೇ ಕತೆಯನ್ನು ತಿದ್ದಿ ಬರೆದುಕೊಡುವುದು. ಬರೆದವರು ಆ ಗುರುತುಗಳನ್ನು ಒಂದು ವಾರ ಹಾಗೇ ಬದಿಗಿಟ್ಟು ಆಮೇಲೆ ಕೈಹಾಕಲಿ.

ಸಂಪಾದಕರೇ, ನಿಮ್ಮಲ್ಲಿ ಕೋರಿಕೆ ಎರಡು. ಇಂಥ ಕತೆ ಪುರವಣಿಯಲ್ಲಿ ಬಂದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಹಾಕಿಸಿ: ‘ಥೋರ್ ಹೆಣ್ಣುಡುಗೆ ತೊಟ್ಟ ಹಳೆಯ ಪದ್ಯ ಆಧಾರ, ಸುತ್ತಿಗೆ ಹೂತ ಜಾಗವನ್ನು ಮಸ್ಕಿಯ ಗುಡ್ಡಕ್ಕೆ ತಂದದ್ದು ಕತೆಗಾರರು’ ಎನ್ನುವಂತೆ. ಮರುವಾರ ವಾಚಕರ ಅಂಕಣದಲ್ಲಿ ‘ಮನಮುಟ್ಟಿತು’ ಪತ್ರಗಳ ನಡುವೆ, ಪುಟ ಸಾಲು ಹಿಡಿದು ಬರೆದ ಒಂದಾದರೂ ಪತ್ರಕ್ಕೆ ಜಾಗ ಕೊಡಿ. ಅದು ಕಟುವಾಗಿದ್ದರೂ ಸರಿ.

— ಕೆಲವು ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ